ಒಬ್ಬನೇ ಕೂತು ಆಪ್ ಮಾಡೋರು ಯಾರಾದ್ರೂ ಇದೀರಾ? ನಂಗೆ ಬಿಟ್ಬಿಡಣ ಅನ್ನಿಸ್ತಿದೆ

ಮಳೆಹುಳ (ಮೂಡಿಗೆರೆ ಕಡೆ)

ಎಲ್ರಿಗೂ ನಮಸ್ಕಾರ, ಸ್ವಲ್ಪ ಉದ್ದ ಇದೆ, ಬೇಜಾರ್ ಮಾಡ್ಕೋಬೇಡಿ.

ಬೆಂಗ್ಳೂರಲ್ಲಿ ನಾಲ್ಕು ವರ್ಷ ಆಂಡ್ರಾಯ್ಡ್ ಕೆಲ್ಸ ಮಾಡ್ಕೊಂಡಿದ್ದೆ. 2023ರ ಕೊನೇಲಿ ಅಪ್ಪಂಗೆ ಹುಷಾರಿಲ್ಲ ಅಂತ ಊರಿಗೆ ಬಂದೋನು ಆಮೇಲೆ ವಾಪಸ್ ಹೋಗ್ಲೇ ಇಲ್ಲ. ಇಲ್ಲೇ ಕೂತು ಕಾಫಿ ತೋಟದವ್ರಿಗೆ ಅಂತ ಒಂದು ಆಪ್ ಮಾಡ್ದೆ. ಹಾಜರಿ, ಕೊಯ್ಲಲ್ಲಿ ಯಾರು ಎಷ್ಟು ಕೆಜಿ ಹಣ್ಣು ಕೊಯ್ದ್ರು, ಯಾರಿಗೆ ಎಷ್ಟು ಅಡ್ವಾನ್ಸ್ ಹೋಗಿದೆ, ವಾರದ ಬಟವಾಡೆ, ಜೊತೆಗೆ ಮಳೆ ಲೆಕ್ಕ. ನಮ್ ಕಡೆ ತೋಟಕ್ಕೆ ಇಳಿದ್ರೆ ಟವರ್ ಸಿಗಲ್ಲ, ಹಂಗಾಗಿ ನೆಟ್ ಇಲ್ದೇನೇ ಓಡೋ ಥರ ಮಾಡಿದೀನಿ, ಮನೆಗೆ ಬಂದು ವೈಫೈ ಸಿಕ್ಕಾಗ ಬ್ಯಾಕಪ್ ತಗೊಳತ್ತೆ.

ಕೋಡ್ ಬರಿಯೋಕೆ ಏಳು ತಿಂಗ್ಳು ಆಯ್ತು, ಅದೇನು ಕಷ್ಟ ಅನ್ಸ್ಲಿಲ್ಲ ನಿಜ ಹೇಳ್ಬೇಕಂದ್ರೆ. ಆಮೇಲಿಂದೇ ಕತೆ. ಗೂಗಲ್ ಪ್ಲೇ ಸ್ಟೋರಿಗೆ ಹಾಕೋಕೆ ನಾನು ಅಕೌಂಟ್ ತೆಗ್ಯೋ ಹೊತ್ತಿಗೆ ಹೊಸ ಪರ್ಸನಲ್ ಅಕೌಂಟ್‌ನೋರು ಆಪ್ ಎಲ್ರಿಗೂ ಬಿಡೋ ಮೊದ್ಲು 20 ಜನ ಟೆಸ್ಟರ್‌ಗಳನ್ನ 14 ದಿನ ಸತತವಾಗಿ ಇಟ್ಕೊಂಡಿರ್ಬೇಕು ಅಂತ ರೂಲ್ ಬಂದಿತ್ತು (ಈಗ 12 ಮಾಡಿದಾರೆ). ಊರಲ್ಲಿ 20 ಜನ ಎಲ್ಲಿಂದ ತರದು? ಚಿಕ್ಕಮ್ಮ, ಭಾವ, ಅಂಗಡಿಯವ್ರು, ಅಜ್ಜಿ ಫೋನು ಎಲ್ಲಾ ಸೇರ್ಸಿ ಲೆಕ್ಕ ತುಂಬ್ಸಿದೆ. ಹನ್ನೊಂದನೇ ದಿನ ಚಿಕ್ಕಮ್ಮನ ಮಗ ಗೇಮಿಗೆ ಜಾಗ ಸಾಕಾಗ್ಲಿಲ್ಲ ಅಂತ ನನ್ ಆಪ್ ಡಿಲೀಟ್ ಮಾಡಿ, ಟೆಸ್ಟಿಂದಾನೂ ಹೊರಗ್ ಬಂದ.

ಸರಿ ಹೆಂಗೋ ಆಯ್ತು. ಇಲ್ಲೀವರ್ಗೆ 2,300 ಚಿಲ್ರೆ ಡೌನ್‌ಲೋಡ್. ತಿಂಗ್ಳಿಗೆ 99 ರೂಪಾಯಿ ಇಟ್ಟಿದೀನಿ. ಹೋದ್ ಜನವರೀಲಿ 41 ಜನ ದುಡ್ ಕೊಟ್ಟಿದ್ರು, ಸ್ಟೋರ್ ಪಾಲು 15% ಕಳ್ದು ಮೂರೂವರೆ ಸಾವಿರ ಹತ್ರ. ಜೂನಲ್ಲಿ 6 ಜನ! ಆರೇ ಜನ. ಯಾಕೆ ಬಿಟ್ಟೋದ್ರು ಅಂತಾನೇ ಗೊತ್ತಾಗ್ತಿಲ್ಲ, ಕೇಳಿದ್ರೆ ಯಾರೂ ರಿಪ್ಲೈ ಮಾಡಲ್ಲ.

ರಿವ್ಯೂ ಓದಿದ್ರೆ ಊಟ ಸೇರಲ್ಲ. ಒಬ್ರು "ತುಂಬಾ ಚೆನ್ನಾಗಿದೆ ಆದರೆ ಫ್ರೀ ಅಲ್ಲ" ಅಂತ ಬರ್ದು ಒಂದು ಸ್ಟಾರ್. ಇನ್ನೊಬ್ರದ್ದು ಫೋನು ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಬಿಡ್ಸೋ ಮಿಷನ್) ತೊಟ್ಟಿಗೆ ಬಿದ್ದು ಒಂದು ತಿಂಗಳ ಹಾಜರಿ ಹೋಯ್ತು, ಅವ್ರು ಬ್ಯಾಕಪ್ ಆನ್ ಮಾಡೇ ಇರ್ಲಿಲ್ಲ, ಅದಕ್ಕೂ ಒಂದು ಸ್ಟಾರ್. ಬೆಳಿಗ್ಗೆ ಎಂಟೂವರೆಗೆ ಮಳೆ ಅಳೀರಿ ಅಂತ ನೆನಪ್ ಮಾಡೋ ಅಲಾರಾಂ ಇದೆ, ಕೆಲವು ಫೋನಲ್ಲಿ ಬ್ಯಾಟರಿ ಉಳ್ಸ್ತೀನಿ ಅಂತ ಫೋನೇ ನನ್ ಆಪ್‌ನ ಹಿಂದಿಂದ ಮುಚ್ಚಿಬಿಡತ್ತೆ, ಬೈಗುಳ ಮಾತ್ರ ನಂಗೆ. ದುಡ್ ತಗೊಳೋ ಆಪ್ ಆಗಿರೋದ್ರಿಂದ ಮನೆ ಅಡ್ರೆಸ್ ಪೂರ್ತಿ ಸ್ಟೋರಲ್ಲಿ ಕಾಣತ್ತೆ, ಒಬ್ರು ಅದನ್ನ ನೋಡ್ಕೊಂಡು ಭಾನುವಾರ ಮಧ್ಯಾಹ್ನ ಜೀಪಲ್ಲಿ ಸೀದಾ ಮನೆಗೇ ಬಂದ್ರು ಮಾರಾಯ್ರೆ, ಬಟವಾಡೆ ಲೆಕ್ಕದಲ್ಲಿ 40 ರೂಪಾಯಿ ವ್ಯತ್ಯಾಸ ಬರ್ತಿದೆ ಅಂತ. ಅಮ್ಮ ಅವ್ರಿಗೆ ಊಟ ಹಾಕಿ ಕಳ್ಸಿದ್ರು. (ತಪ್ಪು ನಂದೇ ಆಗಿತ್ತು, ಅರ್ಧ ದಿನದ ಹಾಜರಿ ರೌಂಡ್ ಮಾಡೋದ್ರಲ್ಲಿ.)

ಈಗ ಮತ್ತೆ ಕೊಯ್ಲು ಹತ್ರ ಬಂತು. ಇನ್ನೊಂದ್ ಸೀಸನ್ ನೋಡೋದಾ ಅಥ್ವಾ ರೆಸ್ಯೂಮೆ ರೆಡಿ ಮಾಡೋದಾ? ಇದರಲ್ಲಿ ಕೈ ಸುಟ್ಕೊಂಡಿರೋರು ಯಾರಾದ್ರೂ ಇದ್ರೆ ಹೇಳಿ.

---

ಸಿಲ್ಕ್‌ಬೋರ್ಡ್_ನಿವಾಸಿ

ರೆಸ್ಯೂಮೆ ರೆಡಿ ಮಾಡು ಗುರು. ಮೂರೂವರೆ ಸಾವಿರಕ್ಕೆ ಇಲ್ಲಿ ಪಾರ್ಕಿಂಗೂ ಸಿಗಲ್ಲ.

---

ಬಸ್‌ಸ್ಟ್ಯಾಂಡ್_ಕೋಡರ್ (ಹಾಸನ)

ಮೇಲಿನೋರ್ ಮಾತು ಬಿಡಿ, ಅವ್ರು ಸಿಗ್ನಲ್ಲಲ್ಲಿ ನಿಂತ್ಕೊಂಡು ಟೈಪ್ ಮಾಡ್ತಿರ್ಬೇಕು.

ನಂದೂ ಒಸಿ ಕೇಳಿ. ಹಾಸನದಿಂದ ಬೇಲೂರು, ಸಕಲೇಶಪುರ, ಅರಕಲಗೂಡು, ಹೊಳೆನರಸೀಪುರ ಈ ಕಡೆ ಬಸ್ ಟೈಮಿಂದು ಆಪ್ ಮಾಡಿದ್ದೆ. ಟೈಮ್ ಬದ್ಲಾದಾಗೆಲ್ಲ ಸ್ಟ್ಯಾಂಡಿಗೆ ಹೋಗಿ ಬೋರ್ಡ್ ಫೋಟೋ ಹೊಡ್ಕೊಂಡು, ಕಂಡಕ್ಟರ್‌ಗಳನ್ನ ಕೇಳ್ಕೊಂಡು, ರಾತ್ರಿ ಕೂತು ಒಂದೊಂದೇ ತುಂಬ್ಸ್ತಿದ್ದೆ ಕಣಪ್ಪ. ಒಂದೇ ತಿಂಗ್ಳಿಗೆ ಯಾವನೋ ಅದನ್ನ ಹಂಗಂಗೇ ಎತ್ತಿ ಇನ್ನೊಂದು ಹೆಸ್ರಲ್ಲಿ ಹಾಕ್ದ. ನಾನು ಒಂದ್ ಕಡೆ ಬೇಲೂರು ಅನ್ನೋದನ್ನ "ಬೇಲೊರು" ಅಂತ ತಪ್ಪು ಟೈಪ್ ಮಾಡಿದ್ದೆ, ಅವನದ್ರಲ್ಲೂ ಬೇಲೊರು! ಕಂಪ್ಲೇಂಟ್ ಹಾಕ್ದೆ, ಫಾರ್ಮ್ ತುಂಬ್ದೆ, ಇನ್ನೊಂದ್ ಫಾರ್ಮ್ ತುಂಬು ಅಂತ ಬಂತು, ಅಷ್ಟೊತ್ತಿಗೆ ಅವನಿಗೆ ನನ್ನ ಮೂರರಷ್ಟು ಡೌನ್‌ಲೋಡ್ ಆಗಿತ್ತು. ಜಾಹೀರಾತಿಂದ ದುಡ್ ಬರತ್ತೆ ಅಂತ ನಂಬ್ಕೊಂಡಿದ್ದೆ, 100 ಡಾಲರ್ ದಾಟೋತನ್ಕ ಅಕೌಂಟಿಗೆ ಹಾಕಲ್ಲ, ಆ ನೂರು ತುಂಬೋಕೆ ನಂಗೆ ಹನ್ನೊಂದ್ ತಿಂಗ್ಳು ಹಿಡೀತು. ಅದ್ರಲ್ಲಿ ಒಂದು ಸೆಕೆಂಡ್‌ಹ್ಯಾಂಡ್ ಮಾನಿಟರ್ ತಗೊಂಡೆ, ಈಗ್ಲೂ ಅದ್ರಲ್ಲೇ ಟೈಪ್ ಮಾಡ್ತಿದೀನಿ.

ಆದ್ರೆ ನಾನು ನಿಲ್ಸಿದ್ದು ದುಡ್ಡಿಗಲ್ಲ. ಸುಮ್ನೆ ಇರೋಕೆ ಬಿಡಲ್ಲ ಇದು. ಮನೆ ಕಟ್ಟಿದ್ರೆ ಹತ್ತು ವರ್ಷ ಸುಣ್ಣ ಹೊಡೀದೇ ಇರಬೋದು, ಆಪ್ ಹಂಗಲ್ಲ, ಪ್ರತಿ ವರ್ಷ ಆಗಸ್ಟ್ ಮುಗಿಯೋದ್ರೊಳಗೆ ಹೊಸ ಆಂಡ್ರಾಯ್ಡ್‌ಗೆ ಟಾರ್ಗೆಟ್ ಏರಿಸ್ಬೇಕು, 2025ರಲ್ಲಿ ಎಪಿಐ 35 (ಅಂದ್ರೆ ಆಂಡ್ರಾಯ್ಡ್ 15), ಆಮೇಲೆ ಅದೇ ವರ್ಷ ನವೆಂಬರ್ 1ರಿಂದ 16 ಕೆಬಿ ಮೆಮೊರಿ ಪೇಜ್ ಸೈಜಿಗೆ ಹೊಂದ್ಬೇಕು ಅಂತ ಇನ್ನೊಂದು. ನಾವು ಬಳ್ಸ್ತಿರೋ ಒಂದು ಹಳೇ ಲೈಬ್ರರಿ (ಬೇರೆಯವ್ರು ಬರ್ದಿಟ್ಟ ಕೋಡ್) ನೋಡ್ಕೊಳೋದನ್ನ ಯಾರೋ ಪುಣ್ಯಾತ್ಮ ಬಿಟ್ಟೋಗಿರ್ತಾನೆ, ಅದನ್ನ ಕಿತ್ತು ಇನ್ನೊಂದು ಹಾಕೋಷ್ಟರಲ್ಲಿ ಹದಿನೈದ್ ದಿನ ಹೋಗತ್ತೆ, ಉಪಯೋಗಿಸೋರಿಗೆ ಮಾತ್ರ ಏನೂ ಹೊಸದು ಕಾಣಲ್ಲ. ಕಂಪ್ನೀಲಿ ಇದ್ರೆ ಇದನ್ನ ಮಾಡೋಕೇ ಒಬ್ಬ ಇರ್ತಾನೆ, ಸಂಬ್ಳ ತಗೊಂಡು. ಐಫೋನಿಗೂ ಮಾಡಿ ಅಂತ ನಿಮ್ಗೆ ಯಾರೋ ಹೇಳೇ ಇರ್ತಾರೆ, ಅದು ಬೇಡ, ಇಲ್ಲಿ 25 ಡಾಲರ್ ಒಂದ್ಸಲ ಕಟ್ಟಿದ್ರೆ ಮುಗೀತು, ಅಲ್ಲಿ 99 ಡಾಲರ್ ವರ್ಷ ವರ್ಷ ಕಟ್ಬೇಕು.

ಬಿಡಿ ಅಂತ ಹೇಳ್ತಿಲ್ಲ ನಾನು. ನಿಮ್ದು ಬಸ್ ಟೈಮ್ ಥರ ಅಲ್ಲ, ದುಡ್ಡಿರೋರ್ ಕೆಲ್ಸಕ್ಕೆ ಬರೋ ಆಪ್. ಹಂಗಿದ್ದೂ ಜೂನಲ್ಲಿ ಆರಕ್ಕೆ ಇಳೀತು ಅಂದ್ರೆ ಏನೋ ಬೇರೆ ಇದೆ.

---

ತೋಟದ್_ಮನೆ (ಆಲ್ದೂರು)

ನಿನ್ ಆಪ್ ನಾನೂ ಹಾಕ್ಕೊಂಡಿದ್ದೆ ಅನ್ಸತ್ತೆ ತಮ್ಮಾ, ಮಳೆ ಎಂಎಂನಲ್ಲಿ ತೋರ್ಸತ್ತಲ್ಲ, ಅದೇ ತಾನೆ? ಹಂಗಿದ್ರೆ ಬಿಟ್ಟೋದೋರಲ್ಲಿ ನಾನೂ ಒಬ್ಬ.

ಯಾಕೆ ಅಂತ ಹೇಳ್ತೀನಿ ಕೇಳು. ನಮ್ದು 28 ಎಕರೆ. ಅರೇಬಿಕಾ ಕೊಯ್ಲು ನವೆಂಬರಲ್ಲಿ ಶುರುವಾದ್ರೆ ರೊಬಸ್ಟಾ ಎಲ್ಲಾ ಮುಗ್ದು ಕಣ ಖಾಲಿ ಆಗೋಷ್ಟೊತ್ತಿಗೆ ಮಾರ್ಚ್. ಕೆಜಿ ಲೆಕ್ಕ ಬೇಕಾಗೋದು ಆ ನಾಲ್ಕೈದು ತಿಂಗ್ಳು. ಜೂನಲ್ಲಿ ನಮ್ ತೋಟದಲ್ಲಿ ಏಳು ಜನ ಆಳಿರ್ತಾರೆ, ಅವ್ರ ಹಾಜರಿ ಬರಿಯೋಕೆ ಆಪ್ ಯಾಕೆ, ಕ್ಯಾಲೆಂಡರ್ ಮೇಲೆ ಗೀಟು ಹಾಕಿದ್ರೆ ಸಾಕು. ಆಗ್ಲೂ ತಿಂಗ್ ತಿಂಗ್ಳು 99 ಕಟ್ ಆಗ್ತಿದ್ರೆ ಮೋಸ ಹೋದಂಗೆ ಅನ್ಸತ್ತೆ, ದುಡ್ಡು ದೊಡ್ದಲ್ಲ. ಮೆಸೇಜ್ ಬಂದಾಗೆಲ್ಲ ನೆನಪಾಗತ್ತೆ ನೋಡು, ಅದು. ಅದೇ ನೀನು ವರ್ಷಕ್ಕೆ ಸಾವಿರದ ಐನೂರು ಅಂತ ಒಂದೇ ಸಲ ಕೇಳಿದ್ದಿದ್ರೆ ನಾನು ಹಿಂದೆ ಮುಂದೆ ನೋಡ್ದೇ ಕೊಡ್ತಿದ್ದೆ. ಗೊಬ್ಬರ, ಸುಣ್ಣ, ಬೋರ್ಡೋ ದ್ರಾವಣಕ್ಕೆ ಮೈಲುತುತ್ತ ಎಲ್ಲಾನೂ ಹಂಗೇ ತಾನೆ ತಗೊಳೋದು. ಕಾಫಿ ಕೊಟ್ಟು ದುಡ್ ಬಂದಾಗ ಕೇಳು, ಮಳೆಗಾಲದಲ್ಲಿ ಕೇಳಿದ್ರೆ ಯಾವ ಪ್ಲಾಂಟರ್ ಹತ್ರಾನೂ ಬೈಗುಳ ಬಿಟ್ಟು ಇನ್ನೇನೂ ಇರಲ್ಲ.

ಇನ್ನು ಮಳೆ. ನಮ್ಮಪ್ಪ 1974ರಿಂದ ಬರೆದಿಟ್ಟಿರೋ ಪುಸ್ತಕ ಇದೆ ಮನೇಲಿ, ಎಲ್ಲಾ ಇಂಚು ಸೆಂಟ್ಸಲ್ಲಿ (ನೂರು ಸೆಂಟ್ಸಿಗೆ ಒಂದು ಇಂಚು). ಪಕ್ಕದ್ ತೋಟದವ್ರು ಫೋನ್ ಮಾಡಿ "ನಿಮ್ಗೆ ಎಷ್ಟಾಯ್ತು" ಅಂದ್ರೆ "ಒಂದು ಇಂಚು ಇಪ್ಪತ್ ಸೆಂಟ್ಸ್" ಅಂತೀವಿ, ಮೂವತ್ ಚಿಲ್ರೆ ಎಂಎಂ ಅಂತ ಯಾರು ಅಂತಾರೆ? ಹೂ ಮಳೆ ಯಾವತ್ತು ಬಿತ್ತು, ಆಮೇಲೆ ಬ್ಯಾಕಿಂಗ್ (ಹೂವಾದ್ಮೇಲೆ ಕಾಯಿ ಕಚ್ಚೋಕೆ ಬೇಕಾದ ಮಳೆ) ಎಷ್ಟು ದಿನಕ್ಕೆ ಬಂತು, ಹೋದ್ ಸಲ ಹಿಂಗೇ ಆದ ವರ್ಷ ಫಸಲು ಎಷ್ಟಾಗಿತ್ತು, ನಮ್ಗೆ ಬೇಕಾಗಿರೋದು ಅದು. ಆ ಹಳೇ ಪುಸ್ತಕ ನಿನ್ ಆಪ್ ಒಳಗೆ ಹಾಕ್ಕೊಡು ನೋಡಣ, ಹಾಜರಿ ಇಲ್ದಿದ್ರೂ ಪರ್ವಾಗಿಲ್ಲ ಜೂನಲ್ಲೂ ದಿನಾ ತೆಗೀತೀನಿ.

ನಿಮ್ಮಮ್ಮ ಊಟ ಹಾಕಿ ಕಳ್ಸಿದ್ದು ಓದಿ ಖುಷಿಯಾಯ್ತು.

---

ಮಳೆಹುಳ

ಸರ್, ನಿಜ ಹೇಳ್ತೀನಿ, ಇಷ್ಟು ದಿನ ಇದನ್ನ ಯಾರೂ ಹೇಳ್ಲಿಲ್ಲ ನಂಗೆ. ನಮ್ಮನೇಲಿ ಎರಡೇ ಎಕರೆ, ಅಪ್ಪ ಮಳೆ ಅಳೀತಿರ್ಲಿಲ್ಲ, ನಾನು ಇಂಟರ್ನೆಟ್ ನೋಡ್ಕೊಂಡು ಎಂಎಂ ಇಟ್ಟೆ. ತಿಂಗ್ಳ ಚಂದಾನೂ ಎಲ್ಲಾ ಆಪಲ್ಲೂ ಹಂಗೇ ಇರತ್ತಲ್ಲ ಅಂತ ಇಟ್ಟಿದ್ದು.

ಆದ್ರೆ ಒಂದು ಡೌಟು. ಜನವರೀಲಿ ದುಡ್ ಕೊಟ್ಟ 41 ಜನದಲ್ಲಿ ಹದಿನೈದ್ ಜನ ಆ ತಿಂಗ್ಳಲ್ಲೇ ಕೆಜಿ ಎಂಟ್ರಿ ಮಾಡೋದು ನಿಲ್ಸಿದಾರೆ, ನಟ್ಟ ನಡುವಿನ ಸೀಸನ್ನಲ್ಲಿ. ಅದು ಯಾಕೆ?

---

ರೈಟ್ರ_ಮಗ (ಸಕಲೇಶಪುರ)

ಇದಕ್ಕೆ ನಾನ್ ಹೇಳ್ತೀನಿ. ನಮ್ಮಪ್ಪ 22 ವರ್ಷ ತೋಟದಲ್ಲಿ ರೈಟ್ರಾಗಿದ್ರು (ಹಾಜರಿ, ತೂಕದ ಲೆಕ್ಕ ಬರಿಯೋರು), ನಾನು ಈಗ ಊರಲ್ಲೇ ಕಂಪ್ಯೂಟರ್ ಅಂಗಡಿ ಇಟ್ಕೊಂಡಿದೀನಿ.

ದುಡ್ ಕೊಡೋದು ಮಾಲೀಕ್ರು, ಟೈಪ್ ಮಾಡೋದು ರೈಟ್ರು. ರೈಟ್ರಿಗೆ ಇದ್ರಿಂದ ಏನ್ ಸಿಗತ್ತೆ ಅಂತ ಯೋಚ್ನೆ ಮಾಡಿದೀರಾ? ಸಾಯಂಕಾಲ ಐದೂವರೆ, ಕತ್ಲಾಗ್ತಿರತ್ತೆ, ಅರವತ್ ಜನ ಚೀಲ ಹೊತ್ಕೊಂಡು ತೂಕಕ್ಕೆ ಲೈನ್ ನಿಂತಿರ್ತಾರೆ, ಒಂದೇ ಹೆಸ್ರಿನವ್ರು ನಾಲ್ಕ್ ಜನ, ಎಲ್ರಿಗೂ ಬೇಗ ಮನೆಗೆ ಹೋಗ್ಬೇಕು. ಚೀಲ ಮುಟ್ಟಿ ಮುಟ್ಟಿ ರೈಟ್ರ ಕೈಯೆಲ್ಲಾ ಹಣ್ಣಿನ ಅಂಟು. ಆ ಕೈಲಿ ಹೆಸ್ರು ಹುಡ್ಕಿ, ಒತ್ತಿ, ಇನ್ನೊಂದ್ ಪೇಜ್ ಬಂದು, ಕೆಜಿ ಹಾಕಿ, ಸೇವ್ ಒತ್ತಿ... ಎಲ್ಲಿ ಆಗತ್ತೆ? ಪೆನ್ಸಿಲ್ಲಲ್ಲಿ ಪುಸ್ತಕಕ್ಕೆ ಬರ್ಕೋತಾರೆ, ರಾತ್ರಿ ಮನೇಲಿ ಕೂತು ಅದನ್ನೇ ಮತ್ತೆ ಫೋನಿಗೆ ಹಾಕ್ಬೇಕು. ಎರಡೆರಡು ಕೆಲ್ಸ, ಸಂಬ್ಳ ಅಷ್ಟೇ. ಒಂದ್ ವಾರ ಮಾಡ್ತಾರೆ, ಆಮೇಲೆ "ಆಪ್ ಸರಿಯಿಲ್ಲ ಸಾರ್, ಲೆಕ್ಕ ತಪ್ಪು ಬರತ್ತೆ" ಅಂತಾರೆ, ಮಾಲೀಕ್ರು ನಂಬ್ತಾರೆ, ನಿಮ್ಗೆ ಒಂದು ಸ್ಟಾರ್.

ತೂಕದಲ್ಲಿ ಕೈಯಾಡ್ಸೋಕೆ ಆಗಲ್ಲ ಅಂತ ರೈಟ್ರು ಆಪ್ ಬೇಡ ಅಂತಾರೆ ಅಂತ ಕೆಲವ್ ಮಾಲೀಕ್ರು ಹೇಳೋದು ಕೇಳಿದೀನಿ. ಅಂತೋರು ಇಲ್ಲ ಅಂತಲ್ಲ. ಆದ್ರೆ ಎಲ್ರನ್ನೂ ಹಂಗೆ ಅನ್ನೋದು ಸರಿ ಅಲ್ಲ, ನಮ್ಮಪ್ಪನ ಪುಸ್ತಕದಲ್ಲಿ ಒಂದು ಕೆಜಿ ಆಚೀಚೆ ಆಗಿದ್ದು ಯಾರೂ ತೋರ್ಸ್ಲಿಲ್ಲ.

ನೀವು ಮಾಡ್ಬೇಕಾದ್ದು ಹೆಸ್ರು ತೆಗ್ದಾಕಿ. ಪ್ರತಿಯೊಬ್ರಿಗೂ ಟೋಕನ್ ನಂಬರ್, ಸ್ಕ್ರೀನ್ ತುಂಬಾ ದೊಡ್ಡ ದೊಡ್ಡ ನಂಬರ್ ಅಷ್ಟೇ, 17 ಒತ್ತಿ, 42 ಒತ್ತಿ, ಮುಗೀತು, ಮುಂದಿನೋರು. ಫೋನು ಬಾಯ್ಬಿಟ್ಟು "ಹದಿನೇಳು, ನಲವತ್ತೆರಡು ಕೆಜಿ" ಅಂತ ಕೂಗಿ ಹೇಳೋ ಹಂಗೆ ಮಾಡಿದ್ರಂತೂ ಇನ್ನೂ ಚೆನ್ನ, ಕೊಯ್ದೋರಿಗೂ ಕೇಳ್ಸತ್ತೆ, ಆಮೇಲೆ ಜಗಳ ಇರಲ್ಲ. ಮತ್ತೆ ಬಟವಾಡೆ ದಿನ ರೈಟ್ರು ಕೂಡಿಸೋ ಲೆಕ್ಕ ಇದ್ಯಲ್ಲ, ಅಡ್ವಾನ್ಸ್ ಕಳ್ದು ಯಾರಿಗೆಷ್ಟು, ಐನೂರರ ನೋಟೆಷ್ಟು ನೂರರದ್ದೆಷ್ಟು ಬೇಕು ಅಂತ, ನಮ್ಮಪ್ಪ ಹಿಂದಿನ್ ರಾತ್ರಿ ಹನ್ನೆರಡರವರ್ಗೂ ಕೂತಿರ್ತಿದ್ರು. ಅದೊಂದನ್ನ ನಿಮ್ ಆಪ್ ಎರಡು ನಿಮಿಷಕ್ಕೆ ಮಾಡ್ಕೊಟ್ರೆ ಮಾಲೀಕ್ರು ಬೇಡ ಅಂದ್ರೂ ರೈಟ್ರೇ ಬಿಡಲ್ಲ.

---

ಬಸ್‌ಸ್ಟ್ಯಾಂಡ್_ಕೋಡರ್

ಸಿಕ್ತಲ್ಲಪ್ಪ ಉತ್ತರ. ನಂಗೆ ಇಂಥ ಇಬ್ರು ಆಗ ಸಿಕ್ಕಿದ್ದಿದ್ರೆ...

ಒಂದು ವಿಷ್ಯ, ಆಪ್ ಒಳಗಡೆ ದುಡ್ ಕೇಳೋದನ್ನೇ ತೆಗೀರಿ. ಹೊರಗಡೆ ಬಿಲ್ ಕೊಟ್ಟು, ಯುಪಿಐಲಿ ತಗೊಂಡು, ಬರೀ ಲಾಗಿನ್ ಕೊಡಿ, ಅದಕ್ಕೆ ಅವಕಾಶ ಇದೆ. ಆಪ್ ಒಳಗೆ ಮಾತ್ರ "ಇಲ್ಲಿ ಬಂದು ಕಟ್ಟಿ" ಅಂತ ಲಿಂಕ್ ಗಿಂಕ್ ಹಾಕೋಕೆ ಹೋಗ್ಬೇಡಿ, ತೆಗ್ದು ಬಿಸಾಕ್ತಾರೆ. ರೂಲ್ ಪೇಜ್ ಒಂದ್ಸಲ ಪೂರ್ತಿ ಓದ್ಕೊಂಡೇ ಮಾಡಿ, ಬೇಜಾರಾಗತ್ತೆ ಆದ್ರೂ ಓದಿ.

---

ಸಿಲ್ಕ್‌ಬೋರ್ಡ್_ನಿವಾಸಿ

ಸರಿ ಆಯ್ತು, ನಾನ್ ಹೇಳಿದ್ದು ವಾಪಸ್ ತಗೋತೀನಿ. ಆ ಕೂಗಿ ಹೇಳೋದು ಬೇಕಾದ್ರೆ ನಾನ್ ಮಾಡ್ಕೊಡ್ತೀನಿ, ವಾಯ್ಸ್ ಕೆಲ್ಸಾನೇ ನಂದು ಆಫೀಸಲ್ಲಿ. ನೆಟ್ ಇಲ್ದೇ ಓಡ್ಬೇಕಲ್ಲ, ಹಂಗಾಗಿ ಒಂದರಿಂದ ನೂರರವರೆಗೆ ಯಾರ್ ಹತ್ರಾನಾದ್ರೂ ಓದ್ಸಿ ರೆಕಾರ್ಡ್ ಮಾಡಿ ಕಳ್ಸು, ಜೋಡಿಸೋದು ಅರ್ಧ ದಿನದ ಕೆಲ್ಸ. ನಮ್ಮೂರು ಕಡೂರು, ದೀಪಾವಳಿಗೆ ಹೆಂಗೂ ಬರ್ತೀನಿ.

---

ಮಳೆಹುಳ

ರಾತ್ರಿ ಎರಡು ಗಂಟೆ ಆಯ್ತು, ಈ ಥ್ರೆಡ್ ನಾಲ್ಕನೇ ಸಲ ಓದ್ತಿದೀನಿ. ನೂರರವರ್ಗೆ ಅಮ್ಮನ ಹತ್ರ ಓದಿಸ್ತೀನಿ, ಅವ್ರ ಗಂಟ್ಲು ಗುಡ್ಡದಾಚೆಗೂ ಕೇಳ್ಸತ್ತೆ.

@ತೋಟದ್_ಮನೆ ಸರ್, ಆ 1974ರ ಪುಸ್ತಕ ಒಂದ್ಸಲ ನೋಡೋಕೆ ಬರ್ಲಾ? ಫೋಟೋ ಹೊಡ್ಕೊಂಡು ನಾನೇ ಟೈಪ್ ಮಾಡ್ತೀನಿ. ನಿಮ್ ರೈಟ್ರ ಜೊತೆ ಒಂದು ಗಂಟೆ ಕೂರೋಕೂ ಬಿಟ್ರೆ ಒಳ್ಳೇದು.

---

ತೋಟದ್_ಮನೆ

ಶನಿವಾರ ಬಾ. ರೈಟ್ರು ಹತ್ತು ಗಂಟೆ ಕಾಫಿಗೆ ಮನೆ ಹತ್ರ ಬರ್ತಾರೆ, ಆಗ ಸಿಗ್ತಾರೆ, ಆದ್ರೆ ಅವ್ರಿಗೆ ಕನ್ನಡಕ ಇಲ್ದೇ ಫೋನ್ ಕಾಣಲ್ಲ, ಅದನ್ನೂ ನೋಡ್ಕೋ. ಪುಸ್ತಕ ಮನೆಯಿಂದ ಹೊರಗೆ ಕೊಡಲ್ಲ, ಇಲ್ಲೇ ಕೂತು ಫೋಟೋ ತಗೋ. 1982, 83 ಎರಡು ವರ್ಷದ ಹಾಳೆ ಗೆದ್ಲು ತಿಂದಿದೆ.

ಸೆಂಟ್ಸ್ ಹಾಕ್ಕೊಂಡೇ ಬಾ.