ಕಿಟಕಿಯ ಬ್ಲೈಂಡ್ಸ್ ತೊಳೆಯಬಹುದೇ? ಬಳಸಿ ಬಲ್ಲವರ ಅನುಭವಗಳು

ಕೇಳಿದವರು, ಬೆಂಗಳೂರಿನ ವೈಟ್‌ಫೀಲ್ಡ್‌ನಿಂದ

ನಾವು ಬಾಡಿಗೆಗೆ ಬಂದಿರುವ ಅಪಾರ್ಟ್‌ಮೆಂಟಿನ ಹಾಲ್ ಮತ್ತು ಅಡುಗೆಮನೆಯ ಕಿಟಕಿಗಳಿಗೆ ಅಲ್ಯೂಮಿನಿಯಂ ಪಟ್ಟಿಗಳ ಬ್ಲೈಂಡ್ಸ್, ಮಲಗುವ ಕೋಣೆಗೆ ಬೆಳಕು ತಡೆಯುವ ರೋಲರ್ ಬ್ಲೈಂಡ್, ಬಾಲ್ಕನಿಗೆ ಬಿದಿರಿನ ಚಿಕ್ ಇವೆ. ಪಕ್ಕದ ನಿವೇಶನದಲ್ಲಿ ಕಟ್ಟಡದ ಕೆಲಸ ನಡೆಯುತ್ತಿರುವುದರಿಂದ ಒರೆಸಿದ ಮರುದಿನವೇ ಬೂದುಬಣ್ಣದ ಧೂಳು ಕೂರುತ್ತದೆ. ಅಡುಗೆಮನೆಯದಂತೂ ಮುಟ್ಟಿದರೆ ಕೈಗೆ ಅಂಟುತ್ತದೆ. ಎಲ್ಲವನ್ನೂ ಕಳಚಿ ಬಚ್ಚಲುಮನೆಯಲ್ಲಿ ನೆನೆಹಾಕಿ ತೊಳೆಯಬಹುದೇ? ಮಾಲೀಕರ ವಸ್ತುಗಳಾದ್ದರಿಂದ ಕೆಡಿಸಲು ಇಷ್ಟವಿಲ್ಲ. ಬಲ್ಲವರು ದಯವಿಟ್ಟು ತಿಳಿಸಬೇಕು.

ಜೆ.ಪಿ. ನಗರದಿಂದ

ನೆನೆಹಾಕುವ ಯೋಚನೆಯನ್ನು ಸದ್ಯಕ್ಕೆ ಬದಿಗಿಡಿ. ಸಿಮೆಂಟು ಬೆರೆತ ಧೂಳಿಗೆ ನೀರು ಸೋಕಿದ ಕೂಡಲೇ ಅದು ಕೆಸರಾಗಿ ಪಟ್ಟಿಗಳ ಅಂಚಿಗೂ ದಾರದ ಗಂಟುಗಳಿಗೂ ಮೆತ್ತಿಕೊಳ್ಳುತ್ತದೆ. ಒಣಗಿದ ಮೇಲೆ ಉಜ್ಜಿದರೆ ಬಣ್ಣದ ಮೇಲೆ ಗೀರು ಬೀಳುತ್ತದೆ. ಆದ್ದರಿಂದ ಮೊದಲು ಒಣ ಕೆಲಸವೇ ಆಗಬೇಕು. ಬ್ಲೈಂಡನ್ನು ಪೂರ್ತಿ ಕೆಳಗಿಳಿಸಿ, ಪಟ್ಟಿಗಳನ್ನು ಒಂದು ದಿಕ್ಕಿಗೆ ಮುಚ್ಚಿ, ಮೃದುವಾದ ಬ್ರಶ್ಶಿನಿಂದಲೋ ಹಳೆಯ ಬನಿಯನ್ ಬಟ್ಟೆಯಿಂದಲೋ ಮೇಲಿನಿಂದ ಕೆಳಕ್ಕೆ ಒರೆಸಿ. ಬಳಿಕ ಪಟ್ಟಿಗಳನ್ನು ಎದುರು ದಿಕ್ಕಿಗೆ ತಿರುಗಿಸಿ ಮತ್ತೊಂದು ಮುಖವನ್ನು ಒರೆಸಿ. ಫ್ಯಾನ್ ಆರಿಸಿರಬೇಕು, ಇಲ್ಲವಾದರೆ ಧೂಳೆಲ್ಲ ಸೋಫಾದ ಮೇಲೆ ಹೋಗಿ ಕೂರುತ್ತದೆ. ವಾರಕ್ಕೊಮ್ಮೆ ಇಷ್ಟು ಮಾಡುವವರಿಗೆ ನೀರಿನ ಅಗತ್ಯ ಬೀಳುವುದು ಅಪರೂಪ.

ಒದ್ದೆ ಬಟ್ಟೆಯಲ್ಲಿ ಒರೆಸಲೇಬೇಕಾದಾಗ ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ದ್ರವದ ಕೆಲವು ಹನಿಗಳು ಸಾಕು. ಬಟ್ಟೆ ಸೋಡಾವನ್ನಾಗಲಿ, ಟಾಯ್ಲೆಟ್ಟಿನ ಆಸಿಡ್ಡನ್ನಾಗಲಿ ಹತ್ತಿರ ತರಬೇಡಿ. ಬಣ್ಣ ಸವೆದು ಲೋಹ ಕಾಣುವ ಜಾಗದಲ್ಲಿ ಅಲ್ಯೂಮಿನಿಯಂ ಕ್ಷಾರಕ್ಕೂ ಆಮ್ಲಕ್ಕೂ ತುತ್ತಾಗಿ ಮಂಕಾಗುತ್ತದೆ. ನಿಮ್ಮಲ್ಲಿ ಬೋರ್‌ವೆಲ್ ನೀರಿದ್ದರೆ ಕೊನೆಯ ಒರೆಸುವಿಕೆಗೆ ಕುಡಿಯುವ ಫಿಲ್ಟರ್ ನೀರನ್ನು ಬಳಸಿ ತಕ್ಷಣ ಒಣಬಟ್ಟೆಯಾಡಿಸಿ. ಗಡಸು ನೀರು ತಾನಾಗಿ ಆರಿದರೆ ಉಳಿಯುವ ಸುಣ್ಣದ ಬಿಳಿ ಚುಕ್ಕೆಗಳು ಧೂಳಿಗಿಂತ ಹೆಚ್ಚು ಎದ್ದು ಕಾಣುತ್ತವೆ.

ಹುಬ್ಬಳ್ಳಿಯಿಂದ

ಮೇಲಿನವರ ಮಾತು ಹಾಲಿನ ಬ್ಲೈಂಡ್ಸ್‌ಗೆ ಸರಿ, ಅಡುಗೆಮನೆಯದಕ್ಕೆ ಸಾಲದು. ಒಗ್ಗರಣೆಯ ಹೊಗೆಯಲ್ಲಿರುವ ಎಣ್ಣೆ ಪಟ್ಟಿಗಳ ಮೇಲೆ ಕುಳಿತು, ಅದರ ಮೇಲೆ ಧೂಳು ಸೇರಿ, ದಿನಕಳೆದಂತೆ ಗಟ್ಟಿಯಾಗುವ ಆ ಜಿಡ್ಡು ಒಣಬಟ್ಟೆಗೆ ಜಗ್ಗುವುದಿಲ್ಲ. ನಮ್ಮ ಮನೆಯಲ್ಲಿ ಅದನ್ನು ಕಳಚಿ, ತಾರಸಿಯ ಬಟ್ಟೆ ಒಣಹಾಕುವ ತಂತಿಗೆ ಉದ್ದಕ್ಕೆ ಇಳಿಬಿಟ್ಟು, ಸೋಪಿನ ನೀರಿನ ಸ್ಪಂಜಿನಿಂದ ಎರಡೂ ಮುಖ ಹಚ್ಚಿ, ಹತ್ತು ನಿಮಿಷ ಬಿಟ್ಟು, ಮಗ್ಗಿನಿಂದ ನೀರು ಸುರಿದು ತೊಳೆಯುತ್ತೇವೆ. ಎಚ್ಚರ ಬೇಕಾದದ್ದು ಮೇಲಿನ ಪೆಟ್ಟಿಗೆಯಂತಹ ಭಾಗಕ್ಕೆ. ಪಟ್ಟಿಗಳನ್ನು ತಿರುಗಿಸುವ ಹಲ್ಲುಚಕ್ರ ಮತ್ತು ದಾರವನ್ನು ಹಿಡಿದು ನಿಲ್ಲಿಸುವ ಕೀಲು ಅದರೊಳಗಿರುತ್ತವೆ, ಉಕ್ಕಿನ ಬಿಡಿಭಾಗಗಳಿದ್ದರೆ ತುಕ್ಕು ಹಿಡಿಯುತ್ತವೆ. ಅದಕ್ಕೆ ಪ್ಲಾಸ್ಟಿಕ್ ಕವರ್ ಕಟ್ಟಿಕೊಳ್ಳಿ. ಪಟ್ಟಿಗಳನ್ನು ತೆರೆದಿಟ್ಟು ನೆರಳಿನಲ್ಲಿ ಒಣಗಿಸಿ, ದಾರ ಪೂರ್ತಿ ಆರಿದ ಮೇಲಷ್ಟೇ ಮಡಚಿ ಮೇಲಕ್ಕೆತ್ತಿ. ಹಸಿಯಿರುವಾಗಲೇ ಎತ್ತಿ ಕಟ್ಟಿದ ದಾರ ಕಪ್ಪಾದರೆ ಮತ್ತೆ ಬೆಳ್ಳಗಾಗುವುದು ಕಷ್ಟ.

ಮೈಸೂರಿನಿಂದ, ಪರದೆ ಹಾಗೂ ಬ್ಲೈಂಡ್ಸ್ ಜೋಡಿಸುವ ಕೆಲಸದವನು

ರೋಲರ್ ಬ್ಲೈಂಡನ್ನು ಮಾತ್ರ ಯಾರೂ ತೊಳೆಯಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಬೆಳಕು ತಡೆಯುವ ಬಟ್ಟೆಯ ಹಿಂಬದಿಗೆ ಸಾಮಾನ್ಯವಾಗಿ ಒಂದು ಲೇಪನವಿರುತ್ತದೆ. ನೆನೆದು ಮುದುಡಿದರೆ ಅದು ಬಿರುಕು ಬಿಟ್ಟು, ಬಿಸಿಲಿಗೆ ಹಿಡಿದಾಗ ಆ ಗೆರೆಗಳಲ್ಲೆಲ್ಲ ಬೆಳಕು ಸೂಸುತ್ತದೆ. ಪೂರ್ತಿ ಇಳಿಸಿ, ವ್ಯಾಕ್ಯೂಮ್ ಕ್ಲೀನರಿನ ಬ್ರಶ್ ತುದಿಯನ್ನು ಹಗುರವಾಗಿ ಆಡಿಸಿ. ಕಲೆಯಿದ್ದರೆ ಹಿಂಡಿದ ಬಟ್ಟೆಯನ್ನು ಒತ್ತಿ ಒತ್ತಿ ತೆಗೆಯಬೇಕೇ ಹೊರತು ಉಜ್ಜಬಾರದು. ಉಜ್ಜಿದರೆ ಕಲೆ ಹೋದ ಜಾಗ ಹೊಳೆಯುವ ಬೇರೊಂದು ಕಲೆಯಾಗುತ್ತದೆ. ಅಂಚಿನಲ್ಲಿ ನೂಲು ಬಿಟ್ಟಿದ್ದರೆ ಎಳೆಯದೆ ಕತ್ತರಿಯಿಂದ ಕತ್ತರಿಸಿ. ಒದ್ದೆಯಾದ ದಿನ ರಾತ್ರಿಯಿಡೀ ಇಳಿಬಿಟ್ಟಿರಲಿ, ಸುತ್ತಬೇಡಿ. ಸುತ್ತಿದ ಬಟ್ಟೆಯ ಒಳಗೆ ಗಾಳಿಯಾಡುವುದಿಲ್ಲ, ಬೂಷ್ಟು ಅಲ್ಲಿಂದಲೇ ಶುರು.

ಉಡುಪಿಯಿಂದ

ಬೂಷ್ಟಿನ ಮಾತು ಬಂದದ್ದರಿಂದ ಹೇಳುತ್ತೇನೆ, ಅದು ನಮ್ಮ ಕಡೆಯ ನಿತ್ಯದ ಗೋಳು. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಬಿದಿರಿನ ಚಿಕ್ ಜಗಲಿಯಲ್ಲಿ ಸುತ್ತಿಯೇ ಇದ್ದರೆ ನಡುವೆ ಹಸಿರುಕಪ್ಪು ಚುಕ್ಕೆಗಳು ಏಳುತ್ತವೆ. ಮಳೆಗಾಲಕ್ಕೆ ಮೊದಲೇ ನಾವು ಅದನ್ನು ಇಳಿಸಿ, ಗಟ್ಟಿ ಬ್ರಶ್ಶಿನಿಂದ ಕಡ್ಡಿಗಳ ಉದ್ದಕ್ಕೆ ಉಜ್ಜಿ, ಎರಡು ಬಿಸಿಲು ಕಾಣಿಸಿ, ಅಟ್ಟಕ್ಕೆ ಏರಿಸಿಬಿಡುತ್ತೇವೆ. ಅಡ್ಡಕ್ಕೆ ಉಜ್ಜಿದರೆ ಕಡ್ಡಿಗಳನ್ನು ಹೆಣೆದ ನೂಲು ಸಡಿಲವಾಗುತ್ತದೆ. ಬೂಷ್ಟು ಬಂದೇಬಿಟ್ಟಿದ್ದರೆ ನೀರು ಬೆರೆಸಿದ ವಿನೆಗರಿನಲ್ಲಿ ಬಟ್ಟೆ ಹಿಂಡಿ ಒರೆಸಿ ಬಿಸಿಲಿಗೆ ಹಾಕಿ. ವಿನೆಗರಿನ ಜೊತೆ ಬ್ಲೀಚಿಂಗ್ ಪೌಡರನ್ನು ಯಾವ ಕಾರಣಕ್ಕೂ ಬೆರೆಸಬಾರದು, ವಿಷಕಾರಿ ಕ್ಲೋರಿನ್ ಅನಿಲ ಹೊರಡುತ್ತದೆ. ಚಿಕ್‌ನ ಕೆಳಗೆ ನೆಲದ ಮೇಲೆ ಹಿಟ್ಟಿನಂತಹ ನಯವಾದ ಪುಡಿ ದಿನವೂ ಕಾಣುತ್ತಿದ್ದರೆ ಅದು ಧೂಳಲ್ಲ, ಬಿದಿರಿನೊಳಗಿನ ಪಿಷ್ಟವನ್ನು ತಿನ್ನುವ ಕುಟ್ಟೆಹುಳದ ಕೆಲಸ. ಒರೆಸಿ ಪ್ರಯೋಜನವಿಲ್ಲ, ಮರದ ಪೀಠೋಪಕರಣಗಳಿಂದ ಅದನ್ನು ಬೇಗ ದೂರವಿಡಿ.

ನ್ಯೂಜೆರ್ಸಿಯಿಂದ

ಇಲ್ಲಿನ ಹಳೆಯ ಮನೆಗಳಿಗೆ ಬಾಡಿಗೆಗೆ ಬರುವ ಕನ್ನಡಿಗರಿಗಾಗಿ ಒಂದು ಮಾತು. 1996ರಲ್ಲಿ ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗವು, ಹೊರದೇಶಗಳಿಂದ ಬಂದ ಕೆಲವು ವಿನೈಲ್ ಬ್ಲೈಂಡ್ಸ್‌ನಲ್ಲಿ ಸೀಸವಿದ್ದು, ಬಿಸಿಲಿಗೆ ಪ್ಲಾಸ್ಟಿಕ್ ಶಿಥಿಲವಾದಂತೆ ಅದು ಧೂಳಾಗಿ ಮೇಲ್ಮೈಗೆ ಬರುತ್ತದೆಂದು ಎಚ್ಚರಿಸಿತ್ತು. ಎಷ್ಟು ತೊಳೆದರೂ ಮತ್ತೆ ಬರುವ ಧೂಳದು. ಆ ಕಾಲದ ವಿನೈಲ್ ಬ್ಲೈಂಡ್ಸ್ ಇನ್ನೂ ಇದ್ದು ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ ಸ್ವಚ್ಛತೆಯ ಪ್ರಶ್ನೆಯೇ ಇಲ್ಲ, ತೆಗೆಸಿಹಾಕಿ.

ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಅಡುಗೆಮನೆಯದನ್ನು ಭಾನುವಾರ ತಾರಸಿಗೆ ಒಯ್ಯುತ್ತೇನೆ. ಹಾಲಿನ ಬ್ಲೈಂಡಿನ ದಾರ ನೆಲದವರೆಗೂ ಜೋತುಬಿದ್ದಿದೆ, ನಮ್ಮ ಮಗುವಿಗೆ ಎರಡು ವರ್ಷ. ಅದನ್ನು ಕತ್ತರಿಸಿದರೆ ಬ್ಲೈಂಡಿಗೆ ತೊಂದರೆಯೇ?

ಮೈಸೂರಿನಿಂದ

ನೀವಾಗಿ ಕತ್ತರಿಸಬೇಡಿ, ಉದ್ದ ಸಾಲದಾದರೆ ಪೂರ್ತಿ ಇಳಿಸಿದಾಗ ದಾರದ ತುದಿ ಮೇಲಿನ ಕೀಲಿನೊಳಗೆ ಜಾರಿಹೋಗುತ್ತದೆ. ಮಗುವಿನ ಕೊರಳಿಗೆ ಸಿಕ್ಕುವ ಅಪಾಯ ನಿಜವಾದದ್ದರಿಂದ ಇಂದೇ ಗೋಡೆಗೆ ಐದು ಅಡಿಗಿಂತ ಮೇಲೆ ಒಂದು ಕೊಕ್ಕೆ ಹೊಡೆಸಿ, ಪ್ರತಿಸಲವೂ ದಾರವನ್ನು ಅದಕ್ಕೆ ಬಿಗಿಯಾಗಿ ಸುತ್ತಿಡಿ. ಆ ಕಿಟಕಿಯ ಬಳಿಯಿರುವ ಕುರ್ಚಿ, ಮಂಚಗಳನ್ನೂ ಸರಿಸಿ, ಮಕ್ಕಳು ಹತ್ತಿ ಕೈಚಾಚುತ್ತಾರೆ.