ಸಹಾಯ ಬೇಕು: ದೇವರ ತಮಾಷೆ ಚಿತ್ರಗಳಿಗೆ ಜಾಗ, ಜೊತೆಗೊಬ್ರು ಲಾಯರ್

ಎಲ್ರಿಗೂ ನಮಸ್ಕಾರ, ನಾನು ಮೈಸೂರಲ್ಲಿ ಪೇಂಟಿಂಗ್ ಮಾಡ್ತೀನಿ, ದೇವ್ರು ದಿಂಡ್ರು ನಂಬಲ್ಲ ಆದ್ರೆ ಪುರಾಣ ಅಂದ್ರೆ ಪ್ರಾಣ. ಈಗ ಮೈಸೂರು ಶೈಲಿಯಲ್ಲೇ ಒಂದು ಸೀರೀಸ್ ಮಾಡ್ತಿದೀನಿ, ಯಮನ ಕೋಣಕ್ಕೆ ನೋ ಪಾರ್ಕಿಂಗಲ್ಲಿ ಟ್ರಾಫಿಕ್ ಪೊಲೀಸ್ ಲಾಕ್ ಹಾಕಿರೋದು, ಚಿತ್ರಗುಪ್ತ 'ಸರ್ವರ್ ಡೌನ್, ನಾಳೆ ಬನ್ನಿ' ಅಂತ ಬೋರ್ಡ್ ಇಟ್ಟು ಊಟಕ್ಕೆ ಹೋಗಿರೋದು, ಸತ್ತೋರೆಲ್ಲ ಆಧಾರ್ ಜೆರಾಕ್ಸ್ ಹಿಡ್ಕೊಂಡು ಕ್ಯೂ ನಿಂತಿರೋದು, ಹಿಂಗೆ. ಕಿರೀಟಕ್ಕೆ ಮಾಡೋ ಹಾಗೇ ಆ ಲಾಕಿಗೂ ಗೆಸ್ಸೋ (ಉಬ್ಬು ಬರಿಸೋ ಪೇಸ್ಟ್) ಎತ್ತಿ ಚಿನ್ನದ ರೇಕು ಅಂಟಿಸಿದೀನಿ 😄

ಗ್ಯಾಲರಿಯೋರು ನೋಡಿ ಹೊಟ್ಟೆ ಹುಣ್ಣಾಗೋ ಹಾಗೆ ನಕ್ರು, ಆಮೇಲೆ 'ದೇವ್ರ ವಿಷ್ಯ, ರಿಸ್ಕ್ ಬೇಡ' ಅಂದ್ಬಿಟ್ರು. ಯಕ್ಷಗಾನದ ಹಾಸ್ಯಗಾರ ದೇವರ ಕಾಲೆಳೆದ್ರೆ ಚಪ್ಪಾಳೆ, ದಾಸರು ನಿಂದಾಸ್ತುತಿ ಹಾಡಿದ್ರೆ ಭಕ್ತಿ, ನಾನು ಬರೆದ್ರೆ ರಿಸ್ಕಾ?

ಬಿಎನ್‌ಎಸ್ 299 ಓದಿದೆ (ಅಂದ್ರೆ ಭಾರತೀಯ ನ್ಯಾಯ ಸಂಹಿತೆ, ಹಳೇ ಐಪಿಸಿ 295ಎ), ಬೇಕಂತಲೇ ದುರುದ್ದೇಶದಿಂದ ಧಾರ್ಮಿಕ ಭಾವನೆ ಕೆರಳಿಸಿದ್ರೆ 3 ವರ್ಷದವರೆಗೂ ಜೈಲು. ನನಗೆ ಆ ಉದ್ದೇಶ ಇಲ್ಲ ಸರಿ, ಆದ್ರೆ ಪೇಂಟರ್ ಎಂ.ಎಫ್. ಹುಸೇನ್ ಅವರ 'ಭಾರತಮಾತೆ' ಚಿತ್ರದ ಕೇಸಲ್ಲಿ 2008ರಲ್ಲಿ ದಿಲ್ಲಿ ಹೈಕೋರ್ಟ್ ಅವರ ಪರ ಹೇಳಿದ್ರೂ, ದೇಶ ಬಿಟ್ಟು ಹೋಗಿದ್ದ ಅವರು ವಾಪಸ್ ಬರಲೇ ಇಲ್ಲ, 2011ರಲ್ಲಿ ಲಂಡನ್ನಲ್ಲಿ ತೀರ್ಕೊಂಡ್ರು.

ಅದಕ್ಕೇ ಕೇಳ್ತಿರೋದು, ಕಲಾವಿದರ ಕೇಸ್ ಗೊತ್ತಿರೋ ಲಾಯರ್ ಯಾರಾದ್ರೂ ಇದಾರಾ, ಚಿತ್ರಗಳನ್ನ ಒಮ್ಮೆ ನೋಡಿ ಹೇಳಿದ್ರೆ ಸಾಕು, ಫೀಸ್ ಕೊಡ್ತೀನಿ. ಬೆಂಗಳೂರಿನ ಚಿತ್ರಸಂತೆಲಿ (ಬೀದಿಲಿ ನಡೆಯೋ ಚಿತ್ರಗಳ ಸಂತೆ) ಇಂಥವು ಇಟ್ಟಿರೋರು ಜನ ಹೆಂಗೆ ತಗೊಂಡ್ರು ಹೇಳಿ. ಮೈಸೂರು ಬೆಂಗಳೂರಲ್ಲಿ ಧೈರ್ಯ ಇರೋ ಸಣ್ಣ ಜಾಗ, ಕೆಫೆ ಆದ್ರೂ ಪರ್ವಾಗಿಲ್ಲ, ಗೊತ್ತಿದ್ರೆ ಇನ್‌ಬಾಕ್ಸ್ ಮಾಡಿ. 'ಬೇರೆ ಧರ್ಮದ್ದು ಬರೀತೀಯಾ' ಅನ್ನೋ ಕಾಮೆಂಟ್ ಮನೇಲೇ ಸಿಗ್ತಿದೆ, ಇಲ್ಲಿ ಬೇಡ ಪ್ಲೀಸ್.