ವಿ-ಕ್ರಾಸ್‌ನ ಮೂತಿ ಎತ್ತಬೇಕು: ಬಿಲ್ಲೆಯಾ, ಸ್ಪ್ರಿಂಗಾ?

ಹೆಬ್ರಿ ತೋಟ:

ನಮಸ್ಕಾರ. ನನ್ನದು 2017ರ ಇಸುಜು ವಿ-ಕ್ರಾಸ್ ಪಿಕಪ್. ಸೆಕೆಂಡ್ ಹ್ಯಾಂಡ್ ತಗೊಂಡದ್ದು, ಈಗ 1,12,000 ಕಿ.ಮೀ. ಓಡಿದೆ. ಹೆಬ್ರಿಯ ಹತ್ತಿರ ನಮ್ಮ ಅಡಿಕೆ ತೋಟ. ಡಾಂಬರು ರಸ್ತೆಯಿಂದ ಮನೆಗೆ ಮುಕ್ಕಾಲು ಕಿಲೋಮೀಟರ್ ಮಣ್ಣಿನ ದಾರಿ, ನಡುವೆ ಒಂದು ತೋಡು. ತೋಡಿಗೆ ಇಳಿದು ಆಚೆ ಹತ್ತುವಾಗ ಮುಂದಿನ ಬಂಪರಿನ ಕೆಳಗಿನ ಅಂಚು ಮುರಕಲ್ಲಿಗೆ ಉಜ್ಜುತ್ತದೆ. ಮೊನ್ನೆ ಗೋಣಿ ಹಾಸಿ ಅಡಿಯಲ್ಲಿ ಮಲಗಿ ನೋಡಿದೆ. ಎಡಗಡೆ ಮೂರು ಉದ್ದ ಗೀರು, ಗೀರಿನೊಳಗೆ ಕೆಂಪು ಪುಡಿ ಗಟ್ಟಿಯಾಗಿ ಹಿಡಿದಿದೆ.

ಖಾಲಿ ಇದ್ದಾಗ ಗಾಡಿ ಮೂತಿ ತಗ್ಗಿಸಿಕೊಂಡೇ ನಿಲ್ಲುತ್ತದೆ. ಚಕ್ರದ ನಡುವಿನಿಂದ ಮಡ್‌ಗಾರ್ಡಿನ ಅಂಚಿಗೆ ಟೇಪು ಹಿಡಿದೆ. ಮುಂದೆ ಎಡಕ್ಕೆ 49 ಸೆಂ.ಮೀ., ಬಲಕ್ಕೆ 50. ಹಿಂದೆ ಎರಡೂ ಕಡೆ 55.

ಮಂಗಳೂರಿನ ಒಂದು ಅಂಗಡಿಯಲ್ಲಿ ಎರಡು ಇಂಚು ಎತ್ತುವ ಲೆವೆಲಿಂಗ್ ಕಿಟ್ ತೋರಿಸಿದರು. ಮುಂದಿನ ಶಾಕ್ ಅಬ್ಸಾರ್ಬರಿನ ತಲೆಯ ಮೇಲೆ ಕೂರುವ ಅಲ್ಯುಮಿನಿಯಂ ಬಿಲ್ಲೆ, ಅಷ್ಟೇ. ಬೆಳಿಗ್ಗೆ ಬಿಟ್ಟರೆ ಮಧ್ಯಾಹ್ನ ಗಾಡಿ ಕೊಡ್ತೇವೆ ಅಂದರು. ಇನ್ನೊಬ್ಬರು ಸ್ಪ್ರಿಂಗೇ ಬದಲಿಸಿ ಅಂತಾರೆ, ಖರ್ಚು ಮೂರು ಪಾಲು ಜಾಸ್ತಿ.

ಗಾಡಿಗೆ ಇರುವ ಕೆಲಸ ಎರಡೇ. ಮಳೆಗಾಲದಲ್ಲಿ ಮದ್ದು ಬಿಡುವಾಗ ಹಿಂದೆ 200 ಲೀಟರಿನ ಡ್ರಮ್ಮು, ಪಂಪು. ತಿಂಗಳಿಗೊಮ್ಮೆ ಅಪ್ಪನನ್ನು ಮಣಿಪಾಲಕ್ಕೆ ಕರೆದುಕೊಂಡು ಹೋಗುವುದು. ಅಪ್ಪನಿಗೆ 76, ಸೊಂಟ ನೋವು. ಗಾಡಿ ಎತ್ತರ ಆಗಿ ಅವರಿಗೆ ಕುಲುಕಾಟ ಜಾಸ್ತಿ ಆದರೆ ನನಗೆ ಬೇಡವೇ ಬೇಡ. ಗೊತ್ತಿದ್ದವರು ಹೇಳಿ.

ಮಲ್ಪೆ ಹೈಲಕ್ಸ್:

ಅಕ್ಕ, ಬಿಲ್ಲೆ ಹಾಕಿಸಿ ಕೈ ಸುಟ್ಟುಕೊಂಡವ ನಾನು. ನನ್ನ ಟೊಯೋಟಾ ಹೈಲಕ್ಸ್ ಪಿಕಪ್‌ಗೆ ಎರಡೂವರೆ ಇಂಚು ಎತ್ತಿಸಿದೆ. ನೋಡಲು ಚಂದ ಇತ್ತು. ಆದರೆ ಅಲೈನ್‌ಮೆಂಟಿಗೆ, ಅಂದರೆ ಚಕ್ರಗಳ ಓರೆ ಸರಿ ಮಾಡಿಸಲು ಹೋದಾಗ ಕೆಳಗಿನ ಆರ್ಮಿನ (ಚಕ್ರವನ್ನು ಚಾಸಿಗೆ ಜೋಡಿಸುವ ತೋಳಿನ) ಬೋಲ್ಟು ತಿರುಗಲೇ ಇಲ್ಲ. ಮೀನಿನ ಬಾಕ್ಸಿನಿಂದ ಸೋರುವ ಉಪ್ಪುನೀರಿಗೆ ಬೋಲ್ಟು, ಅದು ಕೂರುವ ಬುಷ್ ಎರಡೂ ಒಂದಕ್ಕೊಂದು ಹಿಡಿದು ಹೋಗಿದ್ದವು. ಮುಂದೆ ನೋಡುವ ಅಂತ ಹಾಗೇ ಓಡಿಸಿದೆ. ನಾಲ್ಕು ತಿಂಗಳಲ್ಲಿ ಮುಂದಿನ ಎರಡೂ ಟಯರಿನ ಹೊರ ಅಂಚು ತಿಂದು ಹೋಯಿತು. ಚಾರ್ಮಾಡಿ ಘಾಟಿಯಲ್ಲಿ ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನಾಗಿ ನೇರ ಬರುತ್ತಿರಲಿಲ್ಲ, ನಾನೇ ಎಳೆದು ತರಬೇಕಿತ್ತು. ಕೊನೆಗೆ ಬೋಲ್ಟು ಕತ್ತರಿಸಿ ತೆಗೆಸಿದೆ. ಕಿಟ್ ತಗೊಳ್ಳುವ ಮೊದಲೇ ನಿಮ್ಮ ಗಾಡಿಯ ಅಲೈನ್‌ಮೆಂಟ್ ಬೋಲ್ಟುಗಳು ಸಡಿಲ ಆಗುತ್ತವಾ ಅಂತ ನೋಡಿಸಿ.

ಬೈಕಂಪಾಡಿ ಗ್ಯಾರೇಜ್:

ಅಕ್ಕ, ಮೊದಲು ಎರಡು ವಿಷಯ ಹೇಳಿ. ಹಳೇ ಓನರ್ ಮುಂದೆ ಕಬ್ಬಿಣದ ಗಾರ್ಡ್ ಹಾಕಿಸಿದ್ದರಾ? ಮತ್ತೆ ಡ್ರಮ್ಮು ತುಂಬಿದಾಗ ಹಿಂದೆ ಎಷ್ಟು ಸೆಂ.ಮೀ. ಬರುತ್ತದೆ?

ಹೆಬ್ರಿ ತೋಟ:

ಗಾರ್ಡ್ ಇತ್ತಂತೆ, ಮಾರುವಾಗ ತೆಗೆದಿದ್ದಾರೆ. ಬೋಲ್ಟಿನ ತೂತು ಈಗಲೂ ಉಂಟು. ಡ್ರಮ್ಮು ತುಂಬಿಸಿ ಪಂಪು ಇಟ್ಟು ಈಗಷ್ಟೇ ಅಳೆದೆ. ಹಿಂದೆ 52.5. ಮುಂದೆ ಏನೂ ಬದಲಾಗಲಿಲ್ಲ.

ಬೈಕಂಪಾಡಿ ಗ್ಯಾರೇಜ್:

ಹಾಗಾದರೆ ಅರ್ಧ ಉತ್ತರ ನಿಮ್ಮ ಟೇಪಿನಲ್ಲೇ ಉಂಟು. ಎಡ ಬಲಕ್ಕೆ ಒಂದು ಸೆಂ.ಮೀ. ವ್ಯತ್ಯಾಸ, ಅದರ ಮೇಲೆ ವರ್ಷಗಟ್ಟಲೆ ಗಾರ್ಡಿನ ಭಾರ. ನಿಮ್ಮ ಮುಂದಿನ ಸ್ಪ್ರಿಂಗು ಕುಸಿದಿದೆ. ಕುಸಿದ ಸ್ಪ್ರಿಂಗಿನ ಮೇಲೆ ಬಿಲ್ಲೆ ಇಡುವುದು ಗೆದ್ದಲು ತಿಂದ ಕಂಬದ ಅಡಿಗೆ ಕಲ್ಲು ಕೊಟ್ಟ ಹಾಗೆ. ಎತ್ತರ ಬರುತ್ತದೆ, ಶಕ್ತಿ ಬರುವುದಿಲ್ಲ.

ಬಿಲ್ಲೆಯ ಲೆಕ್ಕ ಹೇಳ್ತೇನೆ. ವಿ-ಕ್ರಾಸ್‌ಗೂ ಹೈಲಕ್ಸ್‌ಗೂ ಮುಂದೆ ಎರಡು ಆರ್ಮು, ನಡುವೆ ಕಾಯಿಲ್ ಸ್ಪ್ರಿಂಗು. ಹಿಂದೆ ಪ್ಲೇಟು ಸ್ಪ್ರಿಂಗು. ಶಾಕ್ ಅಬ್ಸಾರ್ಬರಿನ ಕಾಲು ಕೂರುವುದು ಕೆಳಗಿನ ಆರ್ಮಿನ ಹೆಚ್ಚು ಕಡಿಮೆ ನಡುವಿನಲ್ಲಿ, ಚಕ್ರ ಇರುವುದು ಆರ್ಮಿನ ತುದಿಯಲ್ಲಿ. ಬಾವಿಯ ಏತ ನೋಡಿದ್ದೀರಲ್ವಾ, ಅದೇ ಲೆಕ್ಕ. ತಲೆಯಲ್ಲಿ 25 ಮಿ.ಮೀ. ಬಿಲ್ಲೆ ಇಟ್ಟರೆ ಚಕ್ರದ ಹತ್ತಿರ 40ರಿಂದ 50 ಮಿ.ಮೀ. ಏರುತ್ತದೆ. ಎರಡು ಇಂಚು ಎತ್ತಬೇಕು ಅಂತ ಎರಡು ಇಂಚಿನ ಬಿಲ್ಲೆ ತರಬಾರದು, ತಂದವರನ್ನು ನೋಡಿದ್ದೇನೆ.

ಚಕ್ರ ಎಷ್ಟು ಕೆಳಗೆ ಹೋಯಿತೋ ಅಷ್ಟು ಆಕ್ಸಲ್ ಓರೆ ಆಗುತ್ತದೆ, ರಬ್ಬರ್ ಬೂಟಿನ ಮಡಿಕೆ ಒಂದಕ್ಕೊಂದು ಉಜ್ಜಿ ಹರಿಯುತ್ತದೆ. ಮೇಲಿನ ಆರ್ಮಿನ ಬಾಲ್ ಜಾಯಿಂಟ್ (ತುದಿಯಲ್ಲಿ ತಿರುಗುವ ಗುಂಡಿನ ಕೀಲು) ತನ್ನ ಕೊನೆ ಮುಟ್ಟುತ್ತದೆ. ಒಮ್ಮೆ ಜಾಸ್ತಿ ಎತ್ತಿದ ಗಾಡಿಯನ್ನು ಜಾಕ್ ಹಾಕಿ ಚಕ್ರ ತೂಗಲು ಬಿಟ್ಟೆ. ಮೇಲಿನ ಆರ್ಮು ಸ್ಪ್ರಿಂಗಿಗೇ ತಾಗುತ್ತಿತ್ತು. ಸ್ಪ್ರಿಂಗಿನ ಒಂದು ಸುತ್ತಿನಲ್ಲಿ ಹೆಬ್ಬೆರಳಿನಷ್ಟು ಜಾಗ ಬಣ್ಣ ಹೋಗಿ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಓನರ್ ಮಾತ್ರ ಘಾಟಿಯಲ್ಲಿ ಸಣ್ಣ ಶಬ್ದ ಬರ್ತದೆ ಅಂತಷ್ಟೇ ಹೇಳಿದ್ದರು.

ಇನ್ನೊಂದು ಜಾತಿಯ ಬಿಲ್ಲೆ ಉಂಟು, ಸ್ಪ್ರಿಂಗಿನ ತಲೆಗೂ ಅದರ ಮೇಲಿನ ತಟ್ಟೆಗೂ ನಡುವೆ ಇಟ್ಟು ಸ್ಪ್ರಿಂಗನ್ನು ಒತ್ತಿ ಹಿಡಿಯುವುದು. ಅದರಲ್ಲಿ ಚಕ್ರ ಕೆಳಗೆ ಇಳಿಯಲು ಇರುವ ಜಾಗ ಕಡಿಮೆ ಆಗುತ್ತದೆ. ಹಂಪ್ ಇಳಿದ ಕೂಡಲೇ ಟಕ್ ಅಂತ ಹೊಡೆತ. ಅಪ್ಪನಿಗೆ ಅದು ಖಂಡಿತ ಬೇಡ.

ಈಗ ನಿಮ್ಮ ಭಾರದ ಲೆಕ್ಕ. ಎರಡು ಇಂಚು ಎತ್ತಿದರೆ ಮುಂದೆ 54, 55 ಆಗುತ್ತದೆ. ಡ್ರಮ್ಮು ತುಂಬಿದಾಗ ಹಿಂದೆ 52.5. ಅಂದರೆ ಭಾರ ಇರುವಾಗ ಮೂತಿ ಆಕಾಶ ನೋಡುತ್ತದೆ. ರಾತ್ರಿ 169ಎ ಹೆದ್ದಾರಿಯಲ್ಲಿ ನಿಮ್ಮ ಹೆಡ್‌ಲೈಟು ಎದುರಿನವರ ಕಣ್ಣಿಗೇ ಬೀಳುತ್ತದೆ. ಪಿಕಪ್ಪಿನ ಹಿಂಭಾಗವನ್ನು ಎತ್ತರ ಇಟ್ಟಿರುವುದೇ ಭಾರ ಬಿದ್ದಾಗ ಸಮ ಆಗಲಿ ಅಂತ.

ನನ್ನ ಮಾತು ಕೇಳಿದರೆ: ಕಂಪನಿ ಸ್ಪ್ರಿಂಗಿಗಿಂತ ಒಂದು ಇಂಚು ಮಾತ್ರ ಎತ್ತರ ಕೊಡುವ ಹೊಸ ಸ್ಪ್ರಿಂಗು, ಗಾರ್ಡ್, ವಿಂಚ್ (ಹಗ್ಗ ಸುತ್ತಿ ಎಳೆಯುವ ಯಂತ್ರ) ಇಲ್ಲದ ಗಾಡಿಗೆ ಅಂತ ಇರುವುದನ್ನೇ ಕೇಳಿ. ಭಾರದ ಗಾಡಿಯ ಸ್ಪ್ರಿಂಗು ಹಾಕಿದರೆ ಸೊಂಟ ಉಳಿಯುವುದಿಲ್ಲ. ಜೊತೆಗೆ ಮುಂದಿನ ಶಾಕ್ ಅಬ್ಸಾರ್ಬರ್ ಎರಡೂ ಹೊಸದು, 1,12,000ಕ್ಕೆ ಅದರ ಆಯುಸ್ಸು ಮುಗಿದಿದೆ. ಸ್ಪ್ರಿಂಗ್ ಕಂಪ್ರೆಸರ್ (ಸ್ಪ್ರಿಂಗನ್ನು ಒತ್ತಿ ಹಿಡಿಯುವ ಸಾಧನ) ಇಲ್ಲದ ಕಡೆ ಈ ಕೆಲಸ ಮಾಡಿಸಲೇಬೇಡಿ. ಒತ್ತಿ ಹಿಡಿದ ಸ್ಪ್ರಿಂಗು ಜಾರಿದರೆ ಎದುರು ಇದ್ದವರ ಜೀವ ಹೋಗಬಹುದು. ಮುಗಿದ ದಿನವೇ ಅಲೈನ್‌ಮೆಂಟ್. ಟೋ ಮಾತ್ರ ಅಲ್ಲ, ಕ್ಯಾಂಬರ್, ಕ್ಯಾಸ್ಟರ್ ಸೇರಿ ಚಕ್ರದ ಓರೆಯ ಮೂರೂ ಅಳತೆಯ ಪ್ರಿಂಟ್ ಕೊಡಿ ಅಂತ ಕೇಳಿ. ವಾರ ಬಿಟ್ಟು ಸ್ಪ್ರಿಂಗು ಕೂತ ಮೇಲೆ ಇನ್ನೊಮ್ಮೆ.

ಹೆಡ್‌ಲೈಟಿಗೆ ಸುಲಭ ದಾರಿ: ಕೆಲಸಕ್ಕೆ ಮೊದಲು ರಾತ್ರಿ ಗೋಡೆಯಿಂದ 25 ಅಡಿ ದೂರ ಗಾಡಿ ನಿಲ್ಲಿಸಿ, ಬೆಳಕಿನ ಮೇಲಂಚಿಗೆ ಚಾಕ್‌ನಲ್ಲಿ ಗೆರೆ ಎಳೆಯಿರಿ. ಆಮೇಲೆ ಅದೇ ಗೆರೆಗೆ ತನ್ನಿ.

ಕೆಎ 19:

ಕಾನೂನಿನ ಮಾತೂ ಬರಲಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ಕೊಟ್ಟ ವಿವರಕ್ಕೆ ವ್ಯತ್ಯಾಸ ಬರುವ ಹಾಗೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಕೇರಳದ ಒಂದು ಪ್ರಕರಣದಲ್ಲಿ ಇದನ್ನೇ ಎತ್ತಿ ಹಿಡಿದಿದೆ. ನನ್ನ ಅಭಿಪ್ರಾಯದಲ್ಲಿ ಒಂದು ಇಂಚೂ ಬೇಡ, ಕಂಪನಿ ಎತ್ತರದ ಹೊಸ ಸ್ಪ್ರಿಂಗೇ ಹಾಕಿಸಿ. ಏನೇ ಮಾಡಿದರೂ ಮೊದಲು ಆರ್‌ಟಿಒದಲ್ಲಿ ಕೇಳಿ, ಇನ್ಶೂರೆನ್ಸ್‌ನವರಿಗೆ ಬರೆದು ತಿಳಿಸಿ. ಮತ್ತೆ, ಆ ತೋಡಿನ ದಂಡೆಯನ್ನೇ ಸ್ವಲ್ಪ ತಗ್ಗಿಸಲು ಆಗುವುದಿಲ್ವಾ?

ಹೆಬ್ರಿ ತೋಟ:

ಎಲ್ಲರಿಗೂ ಉಪಕಾರ. ಮೂರು ವಾರ ಆಯಿತು, ಆದದ್ದನ್ನು ಬರೆಯುತ್ತೇನೆ.

ಕೆಎ 19 ಅವರು ಹೇಳಿದ್ದು ಸರಿ ಅನಿಸಿತು. ಕಂಪನಿ ಎತ್ತರದ ಹೊಸ ಸ್ಪ್ರಿಂಗು, ಹೊಸ ಶಾಕ್ ಅಬ್ಸಾರ್ಬರ್ ಹಾಕಿಸಿದೆ. ಅಲೈನ್‌ಮೆಂಟ್ ಬೋಲ್ಟುಗಳು ಪುಣ್ಯಕ್ಕೆ ತಿರುಗಿದವು, ಗ್ರೀಸ್ ಹಚ್ಚಿಸಿದ್ದೇನೆ. ಬಿಚ್ಚಿದ ಹಳೇ ಸ್ಪ್ರಿಂಗುಗಳನ್ನು ಹೊಸದರ ಪಕ್ಕ ನೆಲದ ಮೇಲೆ ನಿಲ್ಲಿಸಿ ನೋಡಿದೆ. ಎಡಗಡೆಯದು ಒಂದು ಬೆರಳಿನಷ್ಟು ಗಿಡ್ಡ! ವಾರ ಕಳೆದು ಅಳೆದಾಗ ಮುಂದೆ ಎಡಕ್ಕೆ 51.5, ಬಲಕ್ಕೆ 51.5. ಡ್ರಮ್ಮು ತುಂಬಿಸಿದರೆ ಹಿಂದೆ 52.5. ಇನ್ನೇನು ಬೇಕು ಮಾರಾಯ್ರೆ.

ತೋಡಿನ ದಂಡೆಗೆ ಇಬ್ಬರು ಆಳು, ನಾನು ಸೇರಿ ಒಂದು ದಿನ ಪಿಕ್ಕಾಸು ಹಾಕಿದೆವು. ಮುರಕಲ್ಲಿನ ಮೂತಿ ಒಂದು ಗೇಣು ಕಡಿದು, ಅದೇ ಕಲ್ಲನ್ನು ಕೆಳಗೆ ಹಾಸಿದೆವು. ಬಂಪರಿಗೆ ಸುಣ್ಣ ಬಳಿದು ನಾಲ್ಕು ಸಲ ಹತ್ತಿಸಿ ಇಳಿಸಿದೆ. ಸುಣ್ಣ ಹಾಗೇ ಉಂಟು.

ನಿನ್ನೆ ಅಪ್ಪನನ್ನು ಮಣಿಪಾಲಕ್ಕೆ ಕರೆದುಕೊಂಡು ಹೋಗಿದ್ದೆ. ಪರ್ಕಳ ದಾಟುವವರೆಗೆ ನಿದ್ದೆ ಮಾಡಿದರು.